ಪುಟ್ಟ ಮಕ್ಕಳಿಗೆ ಧ್ಯಾನ: ಕಣ್ಣು ಮುಚ್ಚಿಸುವ ಮೊದಲು ತಿಳಿದಿರಬೇಕಾದದ್ದು

ಐದು ವರ್ಷದ ಮಗುವನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, "ಕಣ್ಣು ಮುಚ್ಚು, ಅಲ್ಲಾಡಬೇಡ, ಏನೂ ಯೋಚನೆ ಮಾಡಬೇಡ" ಎಂದರೆ ಒಂದೇ ಉಸಿರಿನಲ್ಲಿ ಮೂರು ಅಸಾಧ್ಯಗಳನ್ನು ಕೇಳಿದ ಹಾಗಾಯಿತು. ಅರ್ಧ ನಿಮಿಷಕ್ಕೆ ಒಂದು ಕಣ್ಣು ತೆರೆಯುತ್ತದೆ. ಆಮೇಲೆ ಕಾಲು ತುರಿಸುತ್ತದೆ. ಒಂದು ನಿಮಿಷವಾಗುವಷ್ಟರಲ್ಲಿ "ಆಯ್ತಾ?" ಎಂಬ ಪ್ರಶ್ನೆ ಬರುತ್ತದೆ. ಈ ಮಗುವಿಗೆ ಏಕಾಗ್ರತೆಯೇ ಇಲ್ಲ ಎಂದು ದೊಡ್ಡವರು ಅಲ್ಲಿಗೇ ಕೈಬಿಡುತ್ತಾರೆ. ಎಡವಟ್ಟಾಗಿದ್ದು ನಾವು ಕೊಟ್ಟ ಸೂಚನೆಯಲ್ಲಿ.

"ಯೋಚಿಸಬೇಡ" ಎಂಬ ಮಾತು ದೊಡ್ಡವರಿಗೇ ನಡೆಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದಿದ್ದರು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು. ಬೇಡವೆಂದದ್ದು ಬಂದಿದೆಯೇ ಎಂದು ನೋಡಿಕೊಳ್ಳಲಾದರೂ ಮನಸ್ಸು ಅದನ್ನು ನೆನೆಯಲೇಬೇಕಲ್ಲ. ಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫ್ಲೇವೆಲ್ ಮತ್ತು ಅವರ ಸಂಗಡಿಗರು, ಸುಮ್ಮನೆ ಕುಳಿತಿರುವ ಒಬ್ಬರನ್ನು ತೋರಿಸಿ "ಇವರ ತಲೆಯೊಳಗೆ ಈಗ ಏನಾದರೂ ಯೋಚನೆ ಓಡುತ್ತಿದೆಯಾ?" ಎಂದು ಮಕ್ಕಳನ್ನು ಕೇಳಿದರು. ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ಇಲ್ಲ ಎಂದರು. ಸುಮ್ಮನಿದ್ದಾಗಲೂ ಯೋಚನೆಗಳು ಹರಿಯುತ್ತಲೇ ಇರುತ್ತವೆ ಎಂಬ ಅರಿವು ಏಳೆಂಟು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ಹಾಗಿರುವಾಗ ನಾಲ್ಕರ ಮಗುವಿಗೆ "ನಿನ್ನ ಯೋಚನೆಗಳನ್ನು ಗಮನಿಸು" ಎಂದರೆ ಅದು ಎಲ್ಲಿ ಹುಡುಕಬೇಕು?

ಆದ್ದರಿಂದ ಪುಟ್ಟ ಮಕ್ಕಳ ಧ್ಯಾನಕ್ಕೆ ಮನಸ್ಸನ್ನು ವಸ್ತುವಾಗಿಸಿಕೊಳ್ಳಬಾರದು. ಕೇಳುವ ಸದ್ದು, ಏರಿಳಿಯುವ ಹೊಟ್ಟೆ, ಬಡಿಯುವ ಎದೆ, ನೆಲಕ್ಕೆ ತಾಗುವ ಪಾದ, ಹೀಗೆ ಮುಟ್ಟಲು, ಕೇಳಲು, ಕಾಣಲು ಸಿಗುವ ಒಂದನ್ನು ಕೊಡಬೇಕು. ಮಗು ಅದರ ಮೇಲೆ ಗಮನ ಇಡುತ್ತದೆ, ಗಮನ ತಪ್ಪುತ್ತದೆ, ಮತ್ತೆ ತರುತ್ತದೆ. ಈ ಮತ್ತೆ ತರುವುದೇ ಇಡೀ ಅಭ್ಯಾಸ. ಒಂದು ನಿಮಿಷದಲ್ಲಿ ಹತ್ತು ಸಲ ಗಮನ ಹಾರಿ ಹತ್ತು ಸಲ ಮರಳಿದರೆ ಮಗು ಹತ್ತು ಸಲ ಅಭ್ಯಾಸ ಮಾಡಿತು ಎಂದೇ ಲೆಕ್ಕ. ಕಲ್ಲಿನಂತೆ ಕೂತು ಒಳಗೊಳಗೇ ಆಟಿಕೆಯ ಕನಸು ಕಾಣುತ್ತಿದ್ದ ಮಗು ಏನನ್ನೂ ಮಾಡಲಿಲ್ಲ. ಅಲುಗಾಡದೆ ಕೂರುವುದನ್ನು ಸಾಧನೆಯೆಂದು ಹೊಗಳುವ ಮನೆಗಳಲ್ಲಿ ಮಕ್ಕಳು ಬೇಗ ಕಲಿಯುವುದು ಧ್ಯಾನದ ನಟನೆಯನ್ನು.

ಎಷ್ಟು ಹೊತ್ತು, ಯಾವಾಗ

ವಯಸ್ಸಿನ ಪ್ರತಿ ವರ್ಷಕ್ಕೆ ಒಂದು ನಿಮಿಷ ಎಂಬ ಲೆಕ್ಕ ಕಲಿಸುವವರಲ್ಲಿ ರೂಢಿಯಲ್ಲಿದೆ. ಅದನ್ನು ಮೇಲಿನ ಮಿತಿಯೆಂದು ತಿಳಿಯಿರಿ, ಗುರಿಯೆಂದಲ್ಲ. ಮೊದಲ ಎರಡು ವಾರ ನಾಲ್ಕರ ಮಗುವಿಗೆ 30ರಿಂದ 60 ಸೆಕೆಂಡು, ಆರರ ಮಗುವಿಗೆ ಒಂದೂವರೆ ನಿಮಿಷ ಧಾರಾಳ. "ಇನ್ನೂ ಸ್ವಲ್ಪ ಹೊತ್ತು" ಎಂದು ಮಗು ಕೇಳುವಾಗಲೇ ನಿಲ್ಲಿಸಬೇಕು. ಸಾಕು ಅನ್ನಿಸುವವರೆಗೆ ಎಳೆದರೆ ಮರುದಿನ ಕರೆದಾಗ ನೆನಪಾಗುವುದು ಆ ಸಾಕೆನಿಸಿದ ಕ್ಷಣವೇ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷಕ್ಕಿಂತ ದಿನವೂ ಎರಡು ನಿಮಿಷ ಮೇಲು.

ಹೊತ್ತು ಗೊತ್ತುಮಾಡುವಾಗ ಗಡಿಯಾರಕ್ಕಿಂತ ದಿನಚರಿಯ ಒಂದು ಕೆಲಸಕ್ಕೆ ಅಂಟಿಸುವುದು ಸುಲಭ: ಹಲ್ಲುಜ್ಜಿದ ಮೇಲೆ, ಆಟ ಮುಗಿಸಿ ಕೈಕಾಲು ತೊಳೆದ ಮೇಲೆ, ಮಲಗುವ ಮುನ್ನ. ಹಸಿದ ಹೊತ್ತು ಬೇಡ, ಊಟದ ಬೆನ್ನಿಗೂ ಬೇಡ. ಮೈಯ ಕಸುವೆಲ್ಲ ಹಾಗೇ ಉಳಿದಿರುವ ಮಗುವನ್ನು ಕೂರಿಸುವ ಮೊದಲು ಎರಡು ನಿಮಿಷ ಕುಣಿಯಲು, ನೆಗೆಯಲು ಬಿಡಿ. ಓಡಿ ಬಂದ ಮಗು ಓಡಲು ಕಾದಿರುವ ಮಗುವಿಗಿಂತ ಚೆನ್ನಾಗಿ ಕೂರುತ್ತದೆ. ಮಲಗುವ ಮುನ್ನ ಮಾಡಿದರೆ ನಿದ್ದೆ ಹತ್ತಬಹುದು. ಅದರಿಂದ ತೊಂದರೆಯೇನಿಲ್ಲ, ಆದರೆ ಅದನ್ನು ನಿದ್ದೆಯ ಸಹಾಯವೆಂದೇ ಎಣಿಸಿ, ಹಗಲಲ್ಲಿ ಬೇರೆ ಒಂದು ಚಿಕ್ಕ ಅಭ್ಯಾಸ ಇಟ್ಟುಕೊಳ್ಳಿ.

ಭಂಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದೇನಿಲ್ಲ. ನೆಲದ ಮೇಲೆ ಕೂರುವುದಾದರೆ ಕುಂಡಿಯ ಕೆಳಗೆ ಎರಡು ಮೂರು ಅಂಗುಲ ಎತ್ತರ ಬರುವ ಹಾಗೆ ಹೊದಿಕೆ ಮಡಿಸಿಡಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕುರ್ಚಿಯಾದರೆ ಪಾದ ನೇತಾಡದಂತೆ ಕಾಲ ಕೆಳಗೆ ಮಣೆಯೋ ಗಟ್ಟಿ ಡಬ್ಬಿಯೋ ಇರಲಿ. ನೇತಾಡುವ ಕಾಲು ಅಲ್ಲಾಡಿಯೇ ತೀರುತ್ತದೆ. ಮಲಗಿ ಮಾಡಿದರೂ ಸರಿ. ಕಣ್ಣು ಮುಚ್ಚಲೇಬೇಕು ಎಂಬ ಕಟ್ಟಳೆಯೂ ಬೇಡ. ನೆಲದ ಮೇಲಿನ ಒಂದು ಗುರುತು ನೋಡುತ್ತಾ ಕಣ್ಣನ್ನು ಅರ್ಧ ತಗ್ಗಿಸಿದರೆ ಸಾಕು. ಎಷ್ಟೋ ಮಕ್ಕಳಿಗೆ ಕಣ್ಣು ಮುಚ್ಚಿದ ಕತ್ತಲೇ ಗಾಬರಿ ತರುತ್ತದೆ.

ಮೊದಲು ಸದ್ದು, ಆಮೇಲೆ ಉಸಿರು

ಹೆಚ್ಚಿನವರು ಉಸಿರಿನಿಂದ ಶುರುಮಾಡುತ್ತಾರೆ. ನಾಲ್ಕೈದು ವರ್ಷದವರಿಗೆ ಸದ್ದು ಇನ್ನೂ ಸುಲಭ, ಏಕೆಂದರೆ ಅದು ಹೊರಗಿದೆ, ಅದಕ್ಕೆ ಮೊದಲೂ ಕೊನೆಯೂ ಇದೆ. ಬಾರಿಸಿದ ಮೇಲೆ ಹತ್ತಿಪ್ಪತ್ತು ಸೆಕೆಂಡು ಗುಂಯ್‌ಗುಡುವ ಚಿಕ್ಕ ಗಂಟೆಯೋ ಕಂಚಿನ ಬಟ್ಟಲೋ ಬೇಕು. ಟಣ್ ಎಂದು ತಕ್ಷಣ ಸಾಯುವ ಸದ್ದು ಕೆಲಸಕ್ಕೆ ಬಾರದು. "ಸದ್ದು ಪೂರ್ತಿ ಮುಗಿದಾಗ ಕೈ ಎತ್ತು ಪುಟ್ಟಾ" ಎಂದು ಹೇಳಿ ಬಾರಿಸಿ. ಕೈ ಮೊದಲೇ ಎತ್ತಿದರೆ ತಿದ್ದಬೇಡಿ, ಅಷ್ಟು ಹೊತ್ತು ಕಿವಿ ಕೊಟ್ಟಿತ್ತಲ್ಲ. ಮೂರು ಸಲ ಬಾರಿಸಿದರೆ ಒಂದು ದಿನದ ಪಾಠ ಆಯಿತು. ವಾರ ಕಳೆದ ಮೇಲೆ ಗಂಟೆಯ ಸದ್ದು ಅಡಗಿದ ನಂತರ ಇನ್ನೇನೇನು ಕೇಳುತ್ತದೆ ಎಂದು ಹುಡುಕಿಸಿ: ಫ್ಯಾನಿನ ಸದ್ದು, ಹೊರಗಿನ ಹಕ್ಕಿ, ತನ್ನದೇ ಉಸಿರು. ಈ ಕೊನೆಯದನ್ನು ಮಗು ತಾನಾಗಿ ಕಂಡುಕೊಂಡ ದಿನ ಉಸಿರಿನ ಪಾಠಕ್ಕೆ ಬಾಗಿಲು ತೆರೆಯಿತು ಅನ್ನಿ.

ಉಸಿರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು "ಉಸಿರು ಜೋರಾಗಿ ಎಳ್ಕೋ" ಎಂಬ ಸೂಚನೆಯಿಂದ. ಮಗು ಬಾಯಿಂದ ಗಾಳಿ ಎಳೆದು, ಭುಜವನ್ನು ಕಿವಿಯವರೆಗೆ ಏರಿಸಿ, ಎದೆ ಉಬ್ಬಿಸುತ್ತದೆ. ಹೀಗೆ ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆಯುತ್ತಾ ಹೋದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಮೈ ಹಗುರಾಗುವ ಬದಲು ಗಾಬರಿಯಾಗುತ್ತದೆ. ಒಳಗೆಳೆಯುವುದನ್ನು ಮರೆತು ಹೊರಬಿಡುವುದನ್ನು ಮಾತ್ರ ಕಲಿಸಿ. ಉಸಿರು ಹೊರಹೋಗುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಒಳಬರುವಾಗ ತುಸು ಚುರುಕಾಗುತ್ತದೆ. ಹೊರಉಸಿರು ಉದ್ದವಾದಷ್ಟೂ ಮೈ ತಣಿಯುವುದಕ್ಕೆ ಕಾರಣ ಇದು. ಹೊರಗೆ ಚೆನ್ನಾಗಿ ಬಿಟ್ಟರೆ ಒಳಗೆ ಬೇಕಾದಷ್ಟು ತಾನೇ ಬರುತ್ತದೆ.

ದೊಡ್ಡವರಿಗೆಂದು ಇರುವ ಎಣಿಕೆಯನ್ನು ಮಕ್ಕಳ ಮೇಲೆ ಹೇರಬಾರದು. ನಾಲ್ಕು ಎಣಿಸುವವರೆಗೆ ಎಳೆದು ಆರು ಎಣಿಸುವವರೆಗೆ ಬಿಡುವುದೆಂದರೆ ನಿಮಿಷಕ್ಕೆ ಆರೇ ಉಸಿರು. ಆರಾಮಾಗಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಐದು ವರ್ಷದ ಮಗು ಸುಮಾರು 20ರಿಂದ 25 ಸಲ ಉಸಿರಾಡುತ್ತದೆ. ಅಲ್ಲಿಂದ ಏಕ್‌ದಂ ಆರಕ್ಕೆ ಇಳಿಸಲು ಹೋದರೆ ಮಗು ಉಸಿರು ಕಟ್ಟಿಕೊಂಡು, ಆಮೇಲೆ ಏದುಸಿರು ಬಿಡುತ್ತದೆ. ಎಣಿಕೆ ಬೇಕೇ ಬೇಕೆಂದರೆ ಎರಡಕ್ಕೆ ಎಳೆದು ಮೂರಕ್ಕೆ ಬಿಡಲಿ, ಅದೂ ಆರು ವರ್ಷ ದಾಟಿದ ಮೇಲೆ.

ಅದಕ್ಕೆ ಮುಂಚೆ ಎಣಿಕೆಯಿಲ್ಲದ ದಾರಿ ಒಂದಿದೆ, ಹೊಟ್ಟೆಯ ಮೇಲೆ ಗೊಂಬೆ. ಮಗು ಅಂಗಾತ ಮಲಗಿ ಮಂಡಿ ಮಡಿಸಲಿ, ಪಾದ ನೆಲಕ್ಕೆ ಊರಿರಲಿ. ಮಂಡಿ ಮಡಿಸಿದಾಗ ಹೊಟ್ಟೆಯ ಬಿಗಿ ಸಡಿಲುತ್ತದೆ. ಹೊಕ್ಕುಳ ಮೇಲೆ 150ರಿಂದ 250 ಗ್ರಾಂ ತೂಕದ ಮೆತ್ತನೆಯ ಗೊಂಬೆ ಇಡಿ. ತೀರಾ ಹಗುರಾದರೆ ಅದು ಅಲ್ಲಿದೆಯೆಂದೇ ಗೊತ್ತಾಗದು, ಭಾರವಾದರೆ ಹೊಟ್ಟೆ ಎತ್ತಲು ಮಗು ಒದ್ದಾಡುತ್ತದೆ. ಹಗುರ ಗೊಂಬೆಯೇ ಇದ್ದರೆ ಒಂದು ಹಿಡಿ ಕಾಳನ್ನು ಚಿಕ್ಕ ಬಟ್ಟೆಚೀಲದಲ್ಲಿ ಹೊಲಿದು ಅದರ ಬೆನ್ನಿಗೆ ಕಟ್ಟಬಹುದು. "ಗೊಂಬೆ ಮೇಲೆ ಹೋಗ್ತಿದೆ, ಕೆಳಗೆ ಬರ್ತಿದೆ. ಅದಕ್ಕೆ ನಿದ್ದೆ ಬರೋ ಹಾಗೆ ತೂಗು" ಎಂದು ಮೆಲ್ಲಗೆ ಹೇಳಿ. ಎಳೆಯ ಮಕ್ಕಳ ಉಸಿರಾಟದಲ್ಲಿ ಹೊಟ್ಟೆಯೇ ಹೆಚ್ಚು ಏರಿಳಿಯುವುದರಿಂದ ಇದನ್ನು ಹೊಸದಾಗಿ ಕಲಿಸಬೇಕಿಲ್ಲ, ತೋರಿಸಿದರಾಯಿತು. ಹತ್ತು ಏರಿಳಿತ ಸಾಕು. ಗೊಂಬೆಯನ್ನು ಬೀಳಿಸಿ ನಗುವುದು ಮೊದಲ ಮೂರ್ನಾಲ್ಕು ದಿನದ ಭಾಗವೇ. ಎತ್ತಿಟ್ಟು ಮುಂದುವರಿಸಿ, ಗದರಿಸಬೇಡಿ.

ಇನ್ನೊಂದು, ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಗುನುಗುವುದು. ಹಠಯೋಗದ ಭ್ರಾಮರಿಯ ಸರಳ ರೂಪ ಇದು. ಗುನುಗುತ್ತಿರುವಷ್ಟು ಹೊತ್ತೂ ಉಸಿರು ತಾನಾಗಿ ಉದ್ದವಾಗಿ ಹೊರಬರುತ್ತದೆ, ತುಟಿ ಮತ್ತು ಕೆನ್ನೆಯಲ್ಲಿನ ಕಂಪನ ಗಮನಕ್ಕೆ ಒಂದು ನೆಲೆಯಾಗುತ್ತದೆ. ಐದು ಸಲ ಸಾಕು, ನಡುವೆ ಮಾಮೂಲಿ ಉಸಿರು ಆಡಲಿ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಆ ದಿನ ಉಸಿರಿನ ಅಭ್ಯಾಸವೇ ಬೇಡ, ಸದ್ದಿಗೆ ಮರಳಿ. ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ, ಇವು ಯಾವುವೂ ಈ ವಯಸ್ಸಿಗೆ ಅಲ್ಲ.

ಕೂರಲಾರದ ಮಕ್ಕಳಿಗೆ

ಕೆಲವು ಮಕ್ಕಳಿಗೆ ಮೈಯ ಮೂಲಕವೇ ಹೋಗಬೇಕು. 30 ಸೆಕೆಂಡು ನಿಂತಲ್ಲೇ ನೆಗೆದು, ಥಟ್ಟನೆ ನಿಂತು, ಎರಡೂ ಕೈ ಎದೆಯ ಮೇಲಿಟ್ಟು ಬಡಿತ ಹುಡುಕಲು ಹೇಳಿ. ಜೋರಾಗಿದ್ದ ಬಡಿತ ಮೆಲ್ಲಗಾಗುವವರೆಗೆ ಕಾಯುವುದೇ ಅಭ್ಯಾಸ. ಸಾಮಾನ್ಯವಾಗಿ ಒಂದೆರಡು ನಿಮಿಷ ಹಿಡಿಯುತ್ತದೆ, ಮತ್ತು ಆ ಒಂದೆರಡು ನಿಮಿಷ ಮಗು ಯಾರೂ ಹೇಳದೆ ಒಳಗೆ ಗಮನ ಇಟ್ಟಿರುತ್ತದೆ. ಪುಟ್ಟ ಮಕ್ಕಳಿಗೆಂದು ಇರುವ ಅಭ್ಯಾಸಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಚೆನ್ನಾಗಿ ನಡೆಯುವುದು ಬೇರೊಂದಿಲ್ಲ.

ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 20ನೇ ಶತಮಾನದ ಮೊದಲಾರ್ಧದಲ್ಲಿ ದೊಡ್ಡವರಿಗಾಗಿ ರೂಪಿಸಿದರು. ಮಕ್ಕಳಿಗೆ ಅದನ್ನು ಮೂರು ಅಂಗಕ್ಕೆ ಇಳಿಸಿ: ಮುಷ್ಟಿ, ಭುಜ, ಮುಖ. 5 ಸೆಕೆಂಡು ಬಿಗಿ, 10 ಸೆಕೆಂಡು ಸಡಿಲ. ಬಿಗಿಹಿಡಿಯುವುದು ಎಲ್ಲ ಮಕ್ಕಳಿಗೂ ಬರುತ್ತದೆ, ಬಿಡುವುದನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಆದ್ದರಿಂದ ಸಡಿಲಿಸಿದ ಮೇಲೆ "ಈಗ ಕೈ ಹೇಗಿದೆ? ಬಿಸಿ ಇದೆಯಾ, ಭಾರ ಇದೆಯಾ?" ಎಂದು ಕೇಳಿ. ಉತ್ತರ ಯಾವುದಾದರೇನು, ಹೇಳಬೇಕಾದರೆ ಮಗು ಕೈಯತ್ತ ನೋಡಲೇಬೇಕು. ಒಂದು ಲೋಟಕ್ಕೆ ಮುಕ್ಕಾಲು ನೀರು ತುಂಬಿ, ಚೆಲ್ಲದಂತೆ ಹತ್ತು ಹೆಜ್ಜೆ ನಡೆಸುವುದೂ ಇದೇ ಜಾತಿಯ ಅಭ್ಯಾಸ.

ನೀರಿನಲ್ಲಿ ಹೊಳೆಯುವ ಪುಡಿ ತುಂಬಿದ ಗ್ಲಿಟರ್ ಬಾಟಲಿಯ ಬಗ್ಗೆ ನೀವು ಕೇಳಿರಬಹುದು. ಮಾಡುವುದಾದರೆ ಒಡೆಯದ, ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ ಇರಲಿ. ಅರ್ಧ ಲೀಟರಿನದಕ್ಕೆ ಸುಮಾರು 400 ಮಿಲಿಲೀಟರ್ ಬೆಚ್ಚನೆಯ ನೀರು, ಎರಡು ದೊಡ್ಡ ಚಮಚ ಪಾರದರ್ಶಕ ಗೋಂದು, ಒಂದು ಟೀ ಚಮಚ ಗ್ಲಿಟರ್ ಪುಡಿ. ನೀರು ತಣ್ಣಗಿದ್ದರೆ ಗೋಂದು ಕರಗದೆ ದಾರದ ಹಾಗೆ ಜೋತು ಬೀಳುತ್ತದೆ. ಗೋಂದು ಹಾಕದಿದ್ದರೆ ಪುಡಿ ಕೆಲವೇ ಸೆಕೆಂಡಿಗೆ ತಳ ಸೇರುತ್ತದೆ. ಪುಡಿ ನೀರಿನ ಮೇಲೆಯೇ ತೇಲುತ್ತಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೆರಡು ಹನಿ ಬಿಡಿ. ಕುಲುಕಿ ಇಟ್ಟಾಗ ಒಂದರಿಂದ ಎರಡು ನಿಮಿಷಕ್ಕೆ ತಿಳಿಯಾಗುವ ಹಾಗೆ ಗೋಂದನ್ನು ಹೆಚ್ಚುಕಡಿಮೆ ಮಾಡಿ, ಕೊನೆಗೆ ಮುಚ್ಚಳವನ್ನು ಗಟ್ಟಿ ಅಂಟಿನಿಂದ ಅಂಟಿಸಿಬಿಡಿ. ಬಳಸುವಾಗ ಕುಲುಕಿ, ಎಲ್ಲ ಚೂರು ಕೆಳಗಿಳಿಯುವವರೆಗೆ ನೋಡುವುದು, ಅಷ್ಟೇ. "ನಿನ್ನ ಮನಸ್ಸೂ ಈ ಬಾಟಲಿಯ ಹಾಗೆಯೇ" ಎಂಬ ಉಪದೇಶ ಆರರೊಳಗಿನ ಮಗುವಿಗೆ ಬೇಕಿಲ್ಲ. ಆ ಹೋಲಿಕೆ ಹೇಳುವವರಿಗೆ ಮಾತ್ರ ರುಚಿಸುತ್ತದೆ.

ಏಳು ದಾಟಿದ ಮೇಲೆ ದಾರಿ ಬದಲಾಗುತ್ತದೆ. ಆಗ ಉಸಿರು ಎಣಿಸುತ್ತಾ ಐದಕ್ಕೆ ಹೋಗಿ ಮತ್ತೆ ಒಂದಕ್ಕೆ ಬರುವುದು, ಎಣಿಕೆ ತಪ್ಪಿದರೆ ಬೇಸರಿಸದೆ ಒಂದರಿಂದ ಶುರುಮಾಡುವುದು ಸಾಧ್ಯ. "ಗಮನ ಈಗ ಎಲ್ಲಿಗೆ ಹೋಗಿತ್ತು?" ಎಂದು ಕೇಳಿದರೆ "ನಾಳೆಯ ಆಟಕ್ಕೆ" ಎಂಬಂಥ ಉತ್ತರ ಬರತೊಡಗುತ್ತದೆ. ಯೋಚನೆ ಗಮನಿಸುವುದನ್ನು ಕಲಿಸಲು ಸೂಕ್ತ ಕಾಲ ಅದೇ.

ದೊಡ್ಡವರು ಮಾಡುವ ಎಡವಟ್ಟು

ಮಗು ಕಿರುಚುತ್ತಿರುವಾಗ "ಹೋಗು, ಧ್ಯಾನ ಮಾಡು" ಎಂದು ಮೂಲೆಗೆ ಕಳಿಸುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಒಂದೆರಡು ಸಲ ಹೀಗಾದರೆ ಗಂಟೆ, ಗೊಂಬೆ, ಚಾಪೆ ಎಲ್ಲವೂ ಶಿಕ್ಷೆಯ ಸಾಮಾನುಗಳಾಗುತ್ತವೆ. ಸಿಟ್ಟಿನ ತುದಿಯಲ್ಲಿರುವ ಮಗುವಿಗೆ ಸೂಚನೆ ಕಿವಿಗೇ ಹೋಗದು. ತನ್ನನ್ನು ತಾನು ಹತೋಟಿಗೆ ತರಲು ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಮಾಗುವುದು 20ರ ಹರೆಯದ ನಡುವಿನಲ್ಲಿ. ನಾಲ್ಕರಲ್ಲಿ ಅದರ ಮೇಲೆ ಭಾರ ಹಾಕಿದರೆ ಮುರಿಯುತ್ತದೆಯೇ ಹೊರತು ಹೊರುವುದಿಲ್ಲ. ಆ ಹೊತ್ತಿನಲ್ಲಿ ಹತ್ತಿರ ಕೂತು ನಿಮ್ಮ ಉಸಿರನ್ನು ನೀವು ಉದ್ದ ಬಿಡಿ, ಬೇಕಿದ್ದರೆ ಮಗುವಿನ ಬೆನ್ನ ಮೇಲೆ ಕೈಯಿಡಿ. ಕಲಿಸುವುದು ಶಾಂತವಾಗಿರುವಾಗ. ಸಿಟ್ಟಿನಲ್ಲಿ ಅದು ನೆನಪಿಗೆ ಬರಲು ತಿಂಗಳುಗಳೇ ಬೇಕಾಗಬಹುದು.

ನೀವು ಮೊಬೈಲ್ ನೋಡುತ್ತಾ ಮಗುವನ್ನು ಕೂರಿಸಿದರೆ ಮಗು ಕಲಿಯುವುದು ನಿಮ್ಮನ್ನು ನೋಡಿಯೇ. ಒಟ್ಟಿಗೆ ಕೂರಿ, ಇಲ್ಲವೇ ಬಿಟ್ಟುಬಿಡಿ. ಮೊಬೈಲ್ ಆ್ಯಪ್‌ಗಳ ಧ್ವನಿ ಸೂಚನೆಗಳಲ್ಲಿ ತಪ್ಪೇನಿಲ್ಲ, ಪರದೆಯನ್ನು ಕವುಚಿಟ್ಟರೆ. ಪರದೆ ಕಾಣುತ್ತಿದ್ದರೆ ಮಗು ಅದನ್ನೇ ನೋಡುತ್ತದೆ. ಹೂಂ, ಇನ್ನೊಂದು: ನೆಂಟರು ಬಂದಾಗ "ನಮ್ಮ ಮಗಳು ಧ್ಯಾನ ಮಾಡ್ತಾಳೆ ನೋಡಿ, ಮಾಡಿ ತೋರ್ಸು ಪುಟ್ಟಿ" ಎನ್ನಬೇಡಿ. ನಕ್ಷತ್ರದ ಚೀಟಿ, ಮಿಠಾಯಿ ಮುಂತಾದ ಬಹುಮಾನಗಳೂ ಗಮನವನ್ನು ಉಸಿರಿನಿಂದ ಬಹುಮಾನದ ಕಡೆಗೇ ಎಳೆಯುತ್ತವೆ. "ಇವತ್ತು ಗಮನ ಓಡಿಹೋಗಿದ್ದು ನಿನಗೇ ಗೊತ್ತಾಯ್ತಲ್ಲ" ಎಂಬ ಒಂದು ಮಾತು ಸಾಕು, ಏಕೆಂದರೆ ಅದು ಹೊಗಳುವುದು ಸರಿಯಾದ ಸಂಗತಿಯನ್ನು.

ಎಷ್ಟು ನಿರೀಕ್ಷಿಸಬಹುದು

ಧ್ಯಾನ ಮಾಡಿಸಿದರೆ ಅಂಕ ಏರುತ್ತದೆ, ಹಟ ನಿಲ್ಲುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಹೊರಟರೆ ನಿರಾಸೆ ಖಚಿತ. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಹದಿಹರೆಯದ ಮಕ್ಕಳ ಮೇಲೆ ನಡೆದ 'ಮಿರಿಯಡ್' ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಎಲ್ಲರಿಗೂ ಒಟ್ಟಾಗಿ ಕಲಿಸಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ) ಪಾಠ, ಶಾಲೆಗಳಲ್ಲಿ ಮಾಮೂಲಾಗಿ ಇದ್ದ ಪಾಠಗಳಿಗಿಂತ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಲಾಭ ತರಲಿಲ್ಲ. ಮೊದಲೇ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಿಗೆ ಅದು ಒಗ್ಗದಿರಬಹುದೆಂಬ ಸೂಚನೆಯೂ ಸಿಕ್ಕಿತು. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೇ ಇಲ್ಲ ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು. ಅದು ಹದಿಹರೆಯದವರ ಅಧ್ಯಯನ, ಅದರ ಲೆಕ್ಕವನ್ನು ನೇರವಾಗಿ ಐದರ ಮಗುವಿಗೆ ಹಚ್ಚಲಾಗದು. ಆದರೂ ಎಲ್ಲರಿಗೂ ಒಂದೇ ಮದ್ದು ಎಂಬಂತೆ ಹಂಚಿದರೆ ಏನೂ ಆಗದಿರಬಹುದು ಎಂಬ ಎಚ್ಚರ ಇರಲಿ.

ಮನೆಯಲ್ಲಿ ಕಾಣುವ ಫಲ ಚಿಕ್ಕದು, ನಿಧಾನದ್ದು. ಸೂಜಿ ಚುಚ್ಚಿಸಿಕೊಳ್ಳುವಾಗ ಮಗು ಊದುತ್ತಾ ಉಸಿರು ಬಿಡುವುದು, ನಿದ್ದೆ ಬಾರದ ರಾತ್ರಿ ಗೊಂಬೆಯನ್ನು ತಾನೇ ಹೊಟ್ಟೆಯ ಮೇಲಿಟ್ಟುಕೊಳ್ಳುವುದು, "ನನ್ನ ಎದೆ ಜೋರಾಗಿ ಹೊಡ್ಕೊಳ್ತಿದೆ ಅಮ್ಮ" ಎಂದು ಅಳುವ ಮೊದಲೇ ಹೇಳುವುದು. ಇಂಥವು ಎರಡು ಮೂರು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಕಂಡರೆ ಅಭ್ಯಾಸ ಹಿಡಿದಿದೆ ಎಂದರ್ಥ.

ಕೆಲವೆಡೆ ನಿಲ್ಲಿಸಬೇಕಾಗುತ್ತದೆ. ಸುಮ್ಮನೆ ಕೂತೊಡನೆ ಮಗು ಹೆದರಿದರೆ, ಕೆಟ್ಟ ನೆನಪು ನುಗ್ಗಿ ಅತ್ತರೆ, ಉಸಿರಿನತ್ತ ಗಮನ ಹೋದಾಗಲೆಲ್ಲ ಉಸಿರುಗಟ್ಟಿದಂತಾಗುತ್ತದೆ ಎಂದರೆ ಒತ್ತಾಯ ಬೇಡ. ಅಪಘಾತ, ಹಿಂಸೆ, ಹತ್ತಿರದವರ ಸಾವು ಕಂಡ ಮಕ್ಕಳಲ್ಲಿ ಹೀಗಾಗುವುದುಂಟು. ಅವರಿಗೆ ಕಣ್ಣು ತೆರೆದು, ನಡೆಯುತ್ತಾ, ಪಾದ ಮತ್ತು ಸದ್ದಿನ ಮೇಲೆ ಗಮನ ಇಡುವುದು ಹೆಚ್ಚು ಸುರಕ್ಷಿತ. ಭಯ ಮುಂದುವರಿದರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಬೇಕು. ಆಸ್ತಮಾ ಇರುವ ಮಗುವಿಗೆ ಉಸಿರಿನ ಯಾವುದೇ ಅಭ್ಯಾಸ ಶುರುಮಾಡುವ ಮೊದಲು ವೈದ್ಯರ ಮಾತು ಕೇಳಿ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಹೊತ್ತನ್ನು ಅರ್ಧಕ್ಕಿಳಿಸಿ, ನೆಗೆದು ಬಡಿತ ಹುಡುಕುವಂಥ ಮೈ ಚಲಿಸುವ ಅಭ್ಯಾಸಗಳನ್ನೇ ಆರಿಸಿಕೊಳ್ಳಿ. ಇದು ಚಿಕಿತ್ಸೆಯ ಜೊತೆಗೆ ನಡೆಯಬಹುದೇ ಹೊರತು ಅದರ ಜಾಗದಲ್ಲಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಮೂರು ನಾಲ್ಕು ವಾರ ಮಗು ಸತತವಾಗಿ "ಬೇಡ" ಎಂದರೆ ಬಿಟ್ಟುಬಿಡಿ. ನಿಮ್ಮ ಪಾಡಿಗೆ ನೀವು ದಿನವೂ ಅದೇ ಜಾಗದಲ್ಲಿ ಕೂರುತ್ತಿರಿ, ಗೊಂಬೆ, ಗಂಟೆ ಕೈಗೆಟಕುವಲ್ಲಿರಲಿ. ಮಗು ಬಂದು ಪಕ್ಕದಲ್ಲಿ ಕೂತರೆ ಜಾಗ ಕೊಡಿ. ಬರದಿದ್ದರೆ ಆರು ತಿಂಗಳು ಬಿಟ್ಟು, ಬೇರೊಂದು ಅಭ್ಯಾಸದಿಂದ, ಮತ್ತೆ 30 ಸೆಕೆಂಡಿನಿಂದ ಶುರುಮಾಡಿ.